ಆರ್ಡಿನರಿ ಬಸ್ಸಿನ ಓಟ

ಅವರ ಎಡಭುಜವು ಬಲಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗಿತ್ತು. ಮೂವತ್ತೊಂದು ವರ್ಷ ಚರ್ಮದ ಚೀಲ ಹೊತ್ತ ಭುಜ ಅದು. ಚೀಲವನ್ನು ಡಿಪೋಗೆ ಒಪ್ಪಿಸಿ ಬಂದು ಎಷ್ಟೋ ಕಾಲವಾಗಿದ್ದರೂ ಆ ಸುದ್ದಿ ಭುಜದವರೆಗೆ ತಲುಪಿದಂತಿರಲಿಲ್ಲ. ಓಡುವಾಗ ಬಲಗೈ ಎಲ್ಲರ ಕೈಯಂತೆ ಬೀಸುತ್ತಿತ್ತು. ಎಡಗೈ ಮಾತ್ರ ಪಕ್ಕೆಗೆ ಒತ್ತಿಕೊಂಡು, ಇಲ್ಲದ ಚೀಲವನ್ನು ನೂಕುನುಗ್ಗಲಿನಿಂದ ಕಾಪಾಡುತ್ತಿತ್ತು. ತೆಲಂಗಾಣ ಗಡಿಯ ನಾರಾಯಣಪೇಟೆಯ ಮೈದಾನದಲ್ಲಿ, ಬೆಳಗಿನ ಮಂಜು ಇನ್ನೂ ನೆಲ ಬಿಟ್ಟೇಳದ ಹೊತ್ತಿನಲ್ಲಿ, ಅವರು ಮಣ್ಣಿನ ಟ್ರ್ಯಾಕಿನ ತಿರುವು ಹೊರಳಿ ಬರುವುದನ್ನು ದೂರದಿಂದ ಕಂಡರೆ ಒಬ್ಬ ಮನುಷ್ಯ ಬರುತ್ತಿದ್ದಾನೆ ಎನ್ನಿಸುತ್ತಿರಲಿಲ್ಲ. ಒಂದು ಪಕ್ಕಕ್ಕೆ ವಾಲಿದ ಹಳೆಯ ಬಸ್ಸು, ದೀಪವಾರಿಸಿಕೊಂಡು, ಸದ್ದಿಲ್ಲದೆ ಬರುತ್ತಿದೆ ಎನ್ನಿಸುತ್ತಿತ್ತು.

ಊರಿಗೆಲ್ಲ ಅವರು ಕಂಡಕ್ಟರು. ನಾನೂ ಹಾಗೆಯೇ ಕರೆದೆ. ನಾರಾಯಣಪೇಟೆಯಿಂದ ಉಟ್ಕೂರು, ಮಕ್ತಲ್, ಅಮರಚಿಂತ, ಜೂರಾಲ ದಾಟಿ ಗದ್ವಾಲಕ್ಕೆ ಹೋಗುವ ಆರ್ಡಿನರಿ ಬಸ್ಸಿನಲ್ಲಿ ಅವರ ಆಯುಷ್ಯದ ಬಹುಭಾಗ ಕಳೆದಿತ್ತು. ನಾನು ಭೂಮಾಪನ ಇಲಾಖೆಯ ಸರ್ವೇಯರನಾಗಿದ್ದವನು. ಅಳತೆ ತಪ್ಪಿದವರನ್ನೂ, ಮಾತು ತಪ್ಪಿದವರನ್ನೂ ನಾನು ಮರೆತವನಲ್ಲ. ನನ್ನ ಬೀಳ್ಕೊಡುಗೆಯ ದಿನ ನನಗಿಂತ ಮೊದಲು ನನ್ನ ಕಿರಿಯ ಸಹೋದ್ಯೋಗಿಗೆ ಹಾರ ಹಾಕಿದವರು ಯಾರು, ಆ ಹಾರದಲ್ಲಿ ಯಾವ ಹೂಗಳಿದ್ದವು ಎಂಬುದನ್ನು ಇಂದಿಗೂ ಹೇಳಬಲ್ಲೆ.

ಕಂಡಕ್ಟರನ್ನೂ ನಾನು ಮರೆತಿರಲಿಲ್ಲ. ಮೈದಾನದಲ್ಲಿ ಕಾಣುವುದಕ್ಕೆ ಇಪ್ಪತ್ತೆರಡು ವರ್ಷ ಮೊದಲು, ಮಕ್ತಲ್ ಕಡೆಗೆ ಒಂದು ಹೊಲದ ಅಳತೆಗೆ ಹೊರಟಿದ್ದಾಗ, ತುಂಬಿದ ಬಸ್ಸಿನಲ್ಲಿ ಅವರು ನನ್ನ ಕಾಲ ಬಳಿಯ ಅಳತೆ ಸರಪಳಿಯ ಕಟ್ಟನ್ನು ನೋಡಿ, ಸಾಹೇಬರ ಸರಪಳಿಗೂ ಒಂದು ಟಿಕೆಟ್ ಆಗಬೇಕು ಎಂದಿದ್ದರು. ಬಸ್ಸೆಲ್ಲ ನಕ್ಕಿತ್ತು. ನಿವೃತ್ತನಾದ ಮೇಲೆ, ವೈದ್ಯರ ಮಾತಿನಂತೆ ಮೈದಾನದಲ್ಲಿ ನಡೆಯತೊಡಗಿದ ಮೊದಲ ವಾರದಲ್ಲೇ ಆ ವಾಲಿದ ಭುಜವನ್ನು ಕಂಡು ಗುರುತು ಹಿಡಿದೆ. ಎದುರಿಗೆ ನಿಂತು, ಆ ದಿನದ ಮಾತನ್ನು ಅಕ್ಷರ ಬಿಡದೆ ನೆನಪಿಸಿದೆ. ಅವರು ತಲೆ ಓರೆ ಮಾಡಿ ಕೇಳಿಸಿಕೊಂಡರು.

“ಟಿಕೆಟ್ ತಗೊಂಡ್ರೋ ಇಲ್ಲೋ?”

ತೆಗೆದುಕೊಂಡೆ ಎಂದೆ.

“ಮತ್ತ ಯಾಕ್ರಿ ಸಿಟ್ಟು, ಸಾಹೇಬ್ರ? ಕಾಯ್ದೆ ಪ್ರಕಾರ ಸರಿ ಐತಲ್ಲ. ಒಂದ್ ವ್ಯಾಳೆ ಬಿಟ್ಟಿದ್ರ ಅದು ತಪ್ಪಾಗ್ತಿತ್ತು.”

ಕಾಯ್ದೆಯ ಪ್ರಕಾರ ಸರಿಯಾದದ್ದರ ವಿರುದ್ಧ ನಾನು ಎಂದೂ ಮಾತಾಡಿದವನಲ್ಲ. ಮರುದಿನದಿಂದ ಇಬ್ಬರೂ ಜೊತೆಯಾಗಿ ನಡೆದೆವು. ತಿಂಗಳು ಕಳೆಯುವಷ್ಟರಲ್ಲಿ ಜೊತೆಯಾಗಿ ಓಡತೊಡಗಿದೆವು.

ಬಿರುಸಾಗಿ ಒಂದು ಸುತ್ತು ಓಡಿ, ಎರಡು ನಿಮಿಷ ನಡೆದು, ಉಸಿರು ಪೂರ್ತಿ ತಿರುಗುವ ಮೊದಲೇ ಮತ್ತೆ ಒಂದು ಸುತ್ತು ಓಡುವ ಕ್ರಮವನ್ನು ಅವರಿಗೆ ತೋರಿಸಿದವಳು ಅವರ ಮೊಮ್ಮಗಳು. ಕಾನ್‌ಸ್ಟೇಬಲ್ ಆಯ್ಕೆಗೆ ತಯಾರಿ ನಡೆಸುತ್ತಿದ್ದ ಆಕೆ ಅದನ್ನು ಇಂಟರ್‌ವಲ್ ಎನ್ನುತ್ತಿದ್ದಳಂತೆ. ಹೀಗೆ ಮಾಡಿದರೆ ಎದೆಗೆ ಬಲ, ಕಾಲಿಗೆ ವೇಗ ಎಂದು ಮೊಬೈಲಿನಲ್ಲಿ ಯಾರೋ ಹೇಳುವುದನ್ನೂ ಕೇಳಿಸಿದ್ದಳು. ಕಂಡಕ್ಟರು ಎಲ್ಲವನ್ನೂ ಕೇಳಿಸಿಕೊಂಡು ನನ್ನ ಬಳಿ ಬಂದು, ಇದರಲ್ಲಿ ಹೊಸದೇನೂ ಇಲ್ಲವೆಂದು ತೀರ್ಮಾನ ಕೊಟ್ಟರು.

“ಇದು ಆರ್ಡಿನರಿ ಬಸ್ಸು, ಅಷ್ಟ. ಎಕ್ಸ್‌ಪ್ರೆಸ್ ಓಡಸಾದು ಯಾರಿಗಾದ್ರೂ ಬರ್ತೈತಿ. ನಿಂತು ನಿಂತು ಓಡಾದು ಐತಲ್ಲ, ಅದಕ ದಮ್ಮು ಬೇಕು.”

ಅವರ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಉಕ್ಕಿನ ಸೀಟಿಯೊಂದು ಇದ್ದೇ ಇರುತ್ತಿತ್ತು. ಗಂಟೆಯ ಹಗ್ಗ ಸದಾ ಹರಿದಿರುತ್ತಿದ್ದ ಬಸ್ಸುಗಳಲ್ಲಿ ದುಡಿದವರು ಸ್ವಂತಕ್ಕೆ ಕೊಂಡುಕೊಂಡ ಸೀಟಿ ಅದು. ಎರಡು ಊದಿದರೆ ಹೊರಡಬೇಕು, ಒಂದು ಊದಿದರೆ ನಿಲ್ಲಬೇಕು. ಇದಕ್ಕೆ ವಿನಾಯಿತಿ ಇರಲಿಲ್ಲ. ಒಂದು ಸೀಟಿಯ ಮೇಲೆ ಒಂದು ಹೆಜ್ಜೆ ಹೆಚ್ಚಿಗೆ ಇಟ್ಟರೂ, ಹಿಂದಿನ ಬಾಗಿಲಲ್ಲಿ ಇಳಿಯುತ್ತಿದ್ದ ಹೆಂಗಸು ಬಿದ್ದಳಲ್ಲ ಎಂದು ನನ್ನನ್ನು ಗದರಿಸುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಆ ಸೀಟಿ ನನ್ನ ಕಿವಿಯ ಮೂಲಕವಲ್ಲ, ನೇರವಾಗಿ ಮೊಣಕಾಲಿಗೇ ಕೇಳಿಸತೊಡಗಿತ್ತು.

ನಾವು ದಿನಕ್ಕೆ ಐದು ಸುತ್ತು ಓಡುತ್ತಿದ್ದೆವು. ಮೊದಲನೆಯ ಸುತ್ತಿನ ಹೆಸರು ಉಟ್ಕೂರು. ಎರಡನೆಯದು ಮಕ್ತಲ್, ಅಲ್ಲಿ ಡ್ರೈವರು ಚಹಾ ಕುಡಿಯುತ್ತಿದ್ದುದರಿಂದ ಎರಡು ನಿಮಿಷದ ಬದಲು ನಾಲ್ಕು ನಿಮಿಷ ನಡೆಯಲು ಅವಕಾಶವಿತ್ತು. ಆಮೇಲೆ ಅಮರಚಿಂತ, ಜೂರಾಲ. ಕೊನೆಗೆ ಗದ್ವಾಲ. ಸುತ್ತು ಎಣಿಸುವ ಕೆಲಸವೇ ಇರಲಿಲ್ಲ. ಈಗ ಎಲ್ಲಿದ್ದೇವೆ ಎಂದು ಕೇಳಿದರೆ ಸಾಕಿತ್ತು.

ಓಡುವಾಗ ಮಾತಿಲ್ಲ. ಆದರೆ ಒಂದು ಸೀಟಿ ಬಿದ್ದು ನಾವು ನಡೆಯತೊಡಗಿದ ಕೂಡಲೇ ಅವರ ಬಸ್ಸು ತುಂಬತೊಡಗುತ್ತಿತ್ತು. ಉಟ್ಕೂರಿನಲ್ಲಿ, ಬುಟ್ಟಿಯಲ್ಲಿ ಕೋಳಿ ಮುಚ್ಚಿಟ್ಟುಕೊಂಡು ಅದು ಕೂಗಿದಾಗ ತಾನೇ ಕೆಮ್ಮುತ್ತಿದ್ದ ಒಬ್ಬ ಅಜ್ಜಿ ಹತ್ತುತ್ತಿದ್ದಳು. ಮಕ್ತಲ್‌ನಲ್ಲಿ, ಗಂಡನ ಮನೆಗೆ ಹೊರಟು ಅಮರಚಿಂತದವರೆಗೆ ಅತ್ತು, ಜೂರಾಲದ ನೀರು ಕಂಡ ಕೂಡಲೇ ಅಳು ಮರೆತು ಕಿಟಕಿಗೆ ಮುಖವಿಟ್ಟ ಮದುವಣಗಿತ್ತಿ. ಜಾತಕದ ಕಟ್ಟನ್ನು ಸೀಟಿನ ಮೇಲೆ ಮರೆತು ಇಳಿದುಹೋದ ಶಾಸ್ತ್ರಿಗಳು. ಅದನ್ನು ಮೂರು ದಿನ ಚೀಲದಲ್ಲಿಟ್ಟುಕೊಂಡು ತಿರುಗಿ, ಊರೂರಿನ ಭವಿಷ್ಯವೆಲ್ಲ ತಮ್ಮ ಪಕ್ಕೆಗೆ ಒತ್ತುತ್ತಿತ್ತು ಎನ್ನುತ್ತಿದ್ದರು ಕಂಡಕ್ಟರು. ಹೇಳುತ್ತ ಹೇಳುತ್ತ ಅವರ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ನನ್ನದೂ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ಎರಡು ಸೀಟಿ ಕೇಳುತ್ತಿದ್ದಂತೆ ಕಾಲು ತಾನಾಗಿ ಹೊರಡುತ್ತಿತ್ತು. ಸುಣ್ಣದ ಬಿಳಿ ಗೆರೆ ರಸ್ತೆಯ ಅಂಚಿನಂತೆ ಹಿಂದಕ್ಕೆ ಹರಿಯುತ್ತಿತ್ತು. ಮಂಜಿನ ಆಚೆ ಹುಣಸೆಮರಗಳೂ, ಕಡಲೆ ಹೊಲಗಳೂ ಒಂದೊಂದಾಗಿ ಬಂದು ಸರಿಯುತ್ತಿದ್ದವು.

ನಾಲ್ಕನೆಯ ಸುತ್ತು ಎಲ್ಲಕ್ಕಿಂತ ಕಠಿಣವಾದದ್ದು. ಅದು ಜೂರಾಲ. ಆ ಸುತ್ತು ಮುಗಿದು ನಡೆಯುವಾಗ ಮಾತ್ರ ಅವರು ಏನೂ ಹೇಳುತ್ತಿರಲಿಲ್ಲ. ಸೇತುವೆಯ ಮೇಲೆ ಬಸ್ಸು ನಿಧಾನವಾಗುತ್ತದೆ, ಪ್ರಯಾಣಿಕರೆಲ್ಲ ನೀರು ನೋಡುತ್ತಾರೆ, ಆಗ ಯಾರನ್ನೂ ಟಿಕೆಟ್ ಕೇಳಬಾರದು ಎಂಬುದು ಅವರ ನಿಯಮ. ಅಳತೆಯಲ್ಲಿ ಬದುಕಿದ ನಾನು ಹೇಳುತ್ತೇನೆ: ಆ ಎರಡು ನಿಮಿಷ ನನ್ನ ಎಡಗೆನ್ನೆಗೆ ಕೃಷ್ಣೆಯ ತಂಪು ತಾಗುತ್ತಿತ್ತು. ಮೈದಾನದ ಎಡಗಡೆ ಇದ್ದದ್ದು ಒಂದು ಒಡೆದ ಗೋಡೆ, ಅದರಾಚೆ ಬಣ್ಣದ ನೂಲು ಒಣಹಾಕಿದ ನೇಕಾರರ ಅಂಗಳ. ನೀರಿನ ಹನಿಯೂ ಇರಲಿಲ್ಲ.

ಹೀಗೆ ಮೂರು ವರ್ಷ ಕಳೆದ ಮೇಲೆ ಗದ್ವಾಲದಲ್ಲಿ ಹಿರಿಯರ ಕ್ರೀಡಾಕೂಟವೊಂದು ಏರ್ಪಾಡಾಯಿತು. ಅರವತ್ತು ದಾಟಿದವರ ಸಾವಿರದೈನೂರು ಮೀಟರಿಗೆ ನಾನು ಹೆಸರು ಕೊಟ್ಟೆ. ಕಂಡಕ್ಟರು ಕೊಡಲಿಲ್ಲ. ತಾವು ಪ್ರಯಾಣಿಕರ ಜೊತೆ ಓಡಿದವರೇ ಹೊರತು ಪ್ರಯಾಣಿಕರನ್ನು ಹಿಂದೆ ಹಾಕಲು ಓಡಿದವರಲ್ಲ ಎಂದರು. ಆದರೆ ಜೊತೆಗೆ ಬಂದರು. ಟ್ರ್ಯಾಕಿನ ಆಚೆ ತುದಿಯ ತಿರುವಿನಲ್ಲಿ, ಹಗ್ಗದ ಹೊರಗೆ, ನನಗೆ ಕಾಣುವಂತೆ ನಿಂತರು.

ಒಂಬತ್ತು ಜನರಲ್ಲಿ ನಾನು ಮೂರನೆಯವನಾಗಿದ್ದೆ. ಎರಡನೆಯವನ ಬೆನ್ನು ನನ್ನ ಕೈಗೆಟಕುವಷ್ಟು ಹತ್ತಿರವಿತ್ತು. ಕೊನೆಯ ಸುತ್ತಿನಲ್ಲಿ ಆಚೆಯ ತಿರುವಿಗೆ ಬಂದಾಗ ಒಂದು ಸೀಟಿ ಕೇಳಿಸಿತು. ಒಂದೇ ಒಂದು. ನಾನು ನಿಂತೆ. ನಿಧಾನವಾಗಲಿಲ್ಲ, ತಡವರಿಸಲಿಲ್ಲ, ಬಂಡಿಗೆ ಅಡ್ಡಗಲ್ಲಿಟ್ಟಂತೆ ನಿಂತೆ. ಉಳಿದವರು ಯಾರೂ ನಿಲ್ಲಲಿಲ್ಲ. ಮೂವರು ನನ್ನನ್ನು ದಾಟಿ ಹೋದರು. ಆಮೇಲೆ ಎರಡು ಸೀಟಿ ಬಿದ್ದವು, ಕಾಲು ಹೊರಟಿತು. ಆದರೆ ಹೋದದ್ದು ಹೋಗಿತ್ತು. ಆರನೆಯವನಾಗಿ ಮುಗಿಸಿದೆ. ಮೈಕಿನಲ್ಲಿ ಒಬ್ಬಾತ ತೆಲುಗಿನಲ್ಲಿ “ಪೆದ್ದಾಯನ ಅಲಸಿಪೋಯಾರು” ಎಂದ. ಹಿರಿಯರು ದಣಿದರು ಎಂದು ಅರ್ಥ. ನಾನು ದಣಿದಿರಲಿಲ್ಲ. ಆ ಮಾತು ನನ್ನನ್ನು ಆರನೆಯ ಸ್ಥಾನಕ್ಕಿಂತ ಹೆಚ್ಚು ನೋಯಿಸಿತು.

ತಿರುವಿನಲ್ಲಿ ಓಟದ ನಿಯಮ ಕಾಯುವ ಪಂಚರಾಗಿ ನಿಂತಿದ್ದವರು ಗದ್ವಾಲದಾಚೆ ಮಾನೋಪಾಡು ಕಡೆಯ ಒಂದು ಶಾಲೆಯ ವ್ಯಾಯಾಮ ಶಿಕ್ಷಕರು, ಇನ್ನೂ ಮೂವತ್ತು ತುಂಬದವರು. ಅವರ ಕೊರಳಲ್ಲಿ ಸೀಟಿ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಓಟ ಮುಗಿದ ಮೇಲೆ ಅವರೇ ನೀರಿನ ಲೋಟ ಹಿಡಿದು ನನ್ನ ಬಳಿ ಬಂದರು; ನಾನು ಲೋಟವನ್ನು ತಳ್ಳಿ, ಸೀಟಿ ಊದಿ ನನ್ನನ್ನು ನಿಲ್ಲಿಸಿದವರು ನೀವೇ ಎಂದೆ. ತಾವು ಸೀಟಿ ಊದಲಿಲ್ಲ ಎಂದರು. ಹಾಗಾದರೆ ಕೊರಳಲ್ಲಿ ಇರುವುದೇನು ಎಂದು ಕೇಳಿದೆ. ಬಸ್ಸಿನಲ್ಲಿ ಹಿಂದಿರುಗುವಾಗ ಕಂಡಕ್ಟರಿಗೆ, ನಿಮ್ಮ ಎರಡು ಸೀಟಿ ಇಲ್ಲದಿದ್ದರೆ ನಾನು ಅಲ್ಲೇ ನಿಂತಿರುತ್ತಿದ್ದೆ ಎಂದು ಕೃತಜ್ಞತೆ ಹೇಳಿದೆ. ಆ ಮೊದಲನೆಯ ಸೀಟಿ ನಿಮಗೂ ಕೇಳಿಸಿತಲ್ಲವೆ ಎಂದೆ. ಕೇಳಿಸಿತು ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಪಂಚರ ವಿರುದ್ಧ ಕೂಟದ ಸಮಿತಿಗೆ ನಾನು ದರಖಾಸ್ತು ಬರೆದೆ. ಟ್ರ್ಯಾಕಿನ ನಕ್ಷೆ ಬರೆದು, ನಾನು ನಿಂತ ಬಿಂದು, ಪಂಚರು ನಿಂತ ಬಿಂದು, ನಡುವಿನ ಅಂತರ ಎಲ್ಲವನ್ನೂ ಗುರುತಿಸಿ ಕಳುಹಿಸಿದೆ. ಜವಾಬು ಬಾರದಿದ್ದಾಗ ಎರಡನೆಯದನ್ನು ಬರೆದೆ. ಮೂರನೆಯದನ್ನು ಅಂಚೆಗೆ ಹಾಕುವುದು ಬೇಡ, ಗದ್ವಾಲಕ್ಕೆ ಹೋಗುವವರ ಕೈಯಲ್ಲೇ ಕೊಟ್ಟು ಕಳಿಸುತ್ತೇನೆಂದು ಕಂಡಕ್ಟರು ತೆಗೆದುಕೊಂಡರು. ಈ ನಡುವೆ ನಮ್ಮ ಓಟ ನಡೆದೇ ಇತ್ತು. ಆದರೆ ಅವರ ಬಸ್ಸಿಗೆ ಹತ್ತುವವರು ಕಡಿಮೆಯಾಗುತ್ತಿದ್ದರು. ಮಕ್ತಲ್ ಬಂದರೂ ಮದುವಣಗಿತ್ತಿ ಬರುತ್ತಿರಲಿಲ್ಲ. ನಾನು ಗಮನಿಸಿದೆ, ಕಾರಣ ಕೇಳಲಿಲ್ಲ. ನನ್ನ ದರಖಾಸ್ತಿನ ವಾಕ್ಯಗಳನ್ನು ಒಪ್ಪ ಮಾಡುವುದರಲ್ಲಿ ಮುಳುಗಿದ್ದೆ.

ಒಂದು ದಿನ ಜವಾಬು ಬಂತು. ಸದರಿ ಶಿಕ್ಷಕರನ್ನು ಮುಂದಿನ ಕೂಟದ ಕರ್ತವ್ಯದಿಂದ ಕೈಬಿಡಲಾಗಿದೆ, ಅವರ ಶಾಲೆಗೂ ಪತ್ರ ಬರೆಯಲಾಗಿದೆ ಎಂದಿತ್ತು. ಅಮರಚಿಂತದ ನಡಿಗೆಯಲ್ಲಿ ನಾನು ಅದನ್ನು ಕಂಡಕ್ಟರಿಗೆ ಓದಿ ಹೇಳಿದೆ. ಗೆದ್ದವನ ದನಿಯಲ್ಲೇ ಓದಿರಬೇಕು. ಅವರು ನಿಂತರು. ಎರಡು ನಿಮಿಷ ಮುಗಿಯಿತು, ಮೂರಾಯಿತು, ಸೀಟಿ ಊದಲಿಲ್ಲ.

“ಇವತ್ತ ಗಾಡಿ ಮುಂದ ಹೋಗಲ್ರಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೇಳದೆ ಕೇಳದೆ ಬಿಟ್ಟವರನ್ನು ನಾನು ಹುಡುಕಿಕೊಂಡು ಹೋಗುವವನಲ್ಲ. ಹನ್ನೊಂದು ದಿನ ಕಾದೆ. ಹನ್ನೆರಡನೆಯ ದಿನ ಹೋದೆ. ಪಡಸಾಲೆಯ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಉಸಿರು ಗೊರಗೊರ ಎನ್ನುತ್ತಿತ್ತು. ಎದೆಯಲ್ಲಿ ನೀರು ತುಂಬಿದೆಯೆಂದು ಸೊಸೆ ಹೇಳಿ ಚಹಾ ಮಾಡಲು ಒಳಗೆ ಹೋದಳು. ಅವಳು ಹೋಗುವುದನ್ನೇ ಕಾದಿದ್ದವರಂತೆ ಅವರು ಮಾತಾಡಿದರು.

“ಸಾಹೇಬ್ರ, ಆ ಒಂದು ಸೀಟಿ ನಂದು.”

ಯಾವ ಸೀಟಿ ಎಂದೆ.

“ಗದ್ವಾಲದ್ದು. ಮೊದಲಿಂದೂ ನಂದ, ಆಮ್ಯಾಲಿನ ಎರಡೂ ನಂದ. ನೀವು ತಿರುವಿನಾಗ ಬರಾಕ ಹತ್ತಿದ್ರಿ. ನಾ ಕಣ್ಣು ಮುಚ್ಚಿ ಮನಸಿನಾಗ ನಿಮ್ಮ ಜೋಡಿ ಓಡಾಕ ಹತ್ತಿದ್ದೆ. ಕಣ್ಣು ತೆರದ್ರ, ಹಗ್ಗದ ಆ ಕಡಿ ಒಬ್ಬಾಕಿ ಮುದುಕಿ, ತಲಿ ಮ್ಯಾಲ ಗಂಟು, ಕೈ ಎತ್ತಿ ನಿಂತಾಳ. ಬಿಸಿಲಿಗೆ ಅಡ್ಡ ಹಿಡಿದಿದ್ಲೋ, ಯಾರನ್ನ ಕರೀತಿದ್ಲೋ, ಆ ಶಿವನಿಗೇ ಗೊತ್ತು. ಕೈ ಎತ್ತಿದವರನ್ನ ನಾ ಮೂವತ್ತೊಂದು ವರ್ಷ ಬಿಟ್ಟು ಹೋಗಿಲ್ರಿ. ಊದಿಬಿಟ್ಟೆ.”

ಅರ್ಥವಾದ ಮೇಲೆ ಮೈ ಉರಿಯಿತು. ಮೂರು ದರಖಾಸ್ತು ಬರೆಯುವಾಗ, ಒಂದೊಂದು ವಾಕ್ಯವನ್ನೂ ಓದಿ ಕೇಳಿಸುವಾಗ ನಿಮ್ಮ ಬಾಯಿಗೆ ಏನಾಗಿತ್ತು ಎಂದು ಕೇಳಿದೆ.

“ಹೇಳಿದ್ರ ನೀವು ನನ್ನ ಜೋಡಿ ಓಡಾದು ಬಿಡ್ತೀರಿ ಅಂತ ಅಂಜಿದೆ. ನಿಮ್ಮ ಸ್ವಭಾವ ನನಗ ಗೊತ್ತಿಲ್ಲೇನು? ಇಪ್ಪತ್ತೆರಡು ವರ್ಷದ ಲಗೇಜ್ ಟಿಕೆಟ್ ನೆನಪಿಟ್ಟವರು ನೀವು.”

ದಿಂಬಿನ ಕೆಳಗಿನಿಂದ ಒಂದು ಲಕೋಟೆ ತೆಗೆದುಕೊಟ್ಟರು. ನನ್ನ ಮೂರನೆಯ ದರಖಾಸ್ತು. ಯಾರ ಕೈಯಲ್ಲೂ ಕಳಿಸಿರಲಿಲ್ಲ. ಮಡಿಚಿ ಮಡಿಚಿ ಬಟ್ಟೆಯಂತೆ ಮೆತ್ತಗಾಗಿತ್ತು.

“ಆ ಹುಡುಗನ ಮ್ಯಾಲ ಬರ್ತೈತಿ ಅಂತ ತಿಳೀಲಿಲ್ಲ. ಮಾನೋಪಾಡಕ ಹೋಗಿ ಅವನ ಮುಂದ ಹೇಳಬೇಕ್ರಿ. ಮಕ್ತಲ್‌ತನಕನೂ ನನಗ ಉಸಿರು ಸಾಲಲ್ಲ. ನೀವು ಹೋಗ್ರಿ.”

ಸೊಸೆ ತಂದ ಚಹಾ ಮುಟ್ಟದೆ ಎದ್ದು ಬಂದೆ.

ಆಮೇಲಿನ ಏಳು ವಾರ ನಾನು ಒಬ್ಬನೇ ಓಡಿದೆ. ಅದರ ಬಗ್ಗೆ ಇಲ್ಲಿ ನಿಖರವಾಗಿ ಹೇಳಬೇಕು. ಜೊತೆಗಾರನಿಲ್ಲದೆ ಈ ರೀತಿಯ ಓಟ ಓಡಿದವರಿಗೆ ಮಾತ್ರ ಅದು ತಿಳಿಯುತ್ತದೆ. ಮೊಬೈಲಿನಲ್ಲಿ ಸಮಯದ ಗಂಟೆ ಇಟ್ಟುಕೊಂಡೆ. ಅದು ಕಿರುಗುಟ್ಟಿದಾಗ ಓಡಿದೆ, ಮತ್ತೆ ಕಿರುಗುಟ್ಟಿದಾಗ ನಡೆದೆ. ಓಡುವುದಕ್ಕೆ ಯಾರೂ ಬೇಕಾಗಲಿಲ್ಲ. ಓಡುವವನ ಒಳಗೆ ಉಸಿರಲ್ಲದೆ ಬೇರೆ ಯಾರಿಗೂ ಜಾಗವಿಲ್ಲ. ಕಷ್ಟವಾದದ್ದು ನಡಿಗೆ. ಆ ಎರಡು ನಿಮಿಷಗಳಲ್ಲಿ ಮೈದಾನ ಬರಿಯ ಮೈದಾನವಾಗಿತ್ತು. ಒಂದು ಸುತ್ತೆಂದರೆ ಇಪ್ಪತ್ತು ಸರಪಳಿಗೆ ತುಸು ಕಡಿಮೆ, ಅಷ್ಟೇ. ಉಟ್ಕೂರು ಬರಲಿಲ್ಲ, ಮಕ್ತಲ್ ಬರಲಿಲ್ಲ. ಅಜ್ಜಿಯ ಕೋಳಿ ಕೂಗಬೇಕಾದ ಜಾಗದಲ್ಲಿ ನನ್ನ ಹಳೆಯ ಅವಮಾನಗಳು ಒಂದೊಂದಾಗಿ ಹತ್ತಿ ಕೂತವು. ಹಾರದ ಪ್ರಸಂಗ ಬಂತು. ನನ್ನ ನಕ್ಷೆಗೆ ತನ್ನ ಸಹಿ ಹಾಕಿದ ಮೇಲಧಿಕಾರಿ ಬಂದ. ತಂಗಿಯ ಮದುವೆಯಲ್ಲಿ ನನ್ನನ್ನು ಎರಡನೆಯ ಪಂಕ್ತಿಗೆ ಕೂರಿಸಿದ ಬೀಗರು ಬಂದರು. ಮೈಕಿನವನು ಬಂದ. ಕಂಡಕ್ಟರು ಬಂದರು, ಎಲ್ಲರಿಗಿಂತ ಹೆಚ್ಚು ಹೊತ್ತು ಕೂತರು. ನಾನು ಎಲ್ಲರ ಜೊತೆಯೂ ವಾದಿಸುತ್ತ ನಡೆಯುತ್ತಿದ್ದೆ. ಗಂಟೆ ಕಿರುಗುಟ್ಟಿದಾಗ ಉಸಿರು ಮೊದಲಿಗಿಂತ ಹೆಚ್ಚು ಕೆಟ್ಟಿರುತ್ತಿತ್ತು. ಮೂರು ಸುತ್ತಿನ ಮೇಲೆ ಆಗುತ್ತಿರಲಿಲ್ಲ.

ಏಳನೆಯ ವಾರದ ಒಂದು ಬೆಳಿಗ್ಗೆ, ಮೂರನೆಯ ಸುತ್ತಿನ ನಡಿಗೆಯಲ್ಲಿ, ಬಂದವರೆಲ್ಲ ಬಂದು ಹೋದರು. ಎರಡು ನಿಮಿಷ ಇನ್ನೂ ಮುಗಿದಿರಲಿಲ್ಲ. ಆಗ ನೀರಿನ ಲೋಟ ಹಿಡಿದ ಒಂದು ಕೈ ಕಂಡಿತು. ಬೆರಳುಗಳಿಗೆ ಸುಣ್ಣ ಮೆತ್ತಿತ್ತು. ನಾನು ತಳ್ಳಿದಾಗ ನೀರು ಆ ಶಿಕ್ಷಕರ ಅಂಗಿಯ ಮೇಲೆ ಚೆಲ್ಲಿದ್ದೂ, ಅವರು ಅದನ್ನು ಒರೆಸಿಕೊಳ್ಳದೆ ನಿಂತದ್ದೂ ಈಗ ನೆನಪಾಯಿತು. ಇತರರು ನನಗೆ ಮಾಡಿದ್ದನ್ನೆಲ್ಲ ದಿನಾಂಕ ಸಹಿತ ಇಟ್ಟುಕೊಂಡಿದ್ದ ನಾನು ಇದನ್ನು ಎಲ್ಲಿಯೂ ಇಟ್ಟುಕೊಂಡಿರಲಿಲ್ಲ. ಗಂಟೆ ಕಿರುಗುಟ್ಟಿತು. ಓಡಲಿಲ್ಲ.

ಕಂಡಕ್ಟರ ಮನೆಗೆ ಹೋಗಿ, ನಾಳೆ ಮಾನೋಪಾಡಿಗೆ ಹೊರಟಿದ್ದೇನೆ ಎಂದೆ. ಕ್ಷಮಿಸಿದ್ದೇನೆ ಎನ್ನಲಿಲ್ಲ, ಏಕೆಂದರೆ ಆಗ ಅದು ನಿಜವಾಗಿರಲಿಲ್ಲ. ಅವರು ತುಂಬಾ ಬಡಕಲಾಗಿದ್ದರು. ಆದರೂ ಎದ್ದು ಕೂತು, ಡ್ರೈವರಿನ ಹಿಂದಿನ ಮೂರನೆಯ ಕಿಟಕಿ ಹಿಡಿಯಬೇಕೆಂದೂ, ಮಕ್ತಲ್‌ನಲ್ಲಿ ಇಳಿದರೆ ಟವೆಲ್ಲು ಹಾಕಿ ಇಳಿಯಬೇಕೆಂದೂ ತಾಕೀತು ಮಾಡಿದರು. ಕೊನೆಗೆ ಕಾಗದ ಪೆನ್ನು ಕೇಳಿದರು. ಸಮಿತಿಗೆ ನಾಲ್ಕನೆಯ ದರಖಾಸ್ತನ್ನು ಅವರ ಎದುರೇ ಬರೆದೆ. ತಪ್ಪು ನಮ್ಮ ಕಡೆಯದು ಎಂದು ನಾನು ಬರೆದಿದ್ದನ್ನು ಹೊಡೆದುಹಾಕಿಸಿ, ಸೀಟಿ ಊದಿದವನು ನಾನು ಎಂದು ತಮ್ಮ ಹೆಸರಿನಲ್ಲಿ ಬರೆಸಿ, ಕೆಳಗೆ ಸಹಿ ಹಾಕಿದರು.

“ಈಗ ನಿಮ್ಮದೂ ಹಾಕ್ರಿ” ಎಂದರು. “ದೂರು ಬರೆದವರು ನೀವ ಅಲ್ಲೇನು?”

ಹಾಕಿದೆ. ನನ್ನ ಸೇವಾವಧಿಯಲ್ಲಿ ಸಾವಿರಾರು ಸಹಿ ಹಾಕಿದ್ದೇನೆ. ಅವುಗಳಲ್ಲಿ ನನ್ನ ತಪ್ಪನ್ನು ಒಪ್ಪಿದ ಸಹಿ ಒಂದೂ ಇರಲಿಲ್ಲ.

ಮರುದಿನ ಬಸ್ಸು ಊರುಗಳನ್ನು ಕ್ರಮವಾಗಿ ದಾಟಿತು. ಎಷ್ಟೋ ಸಲ ಓಡಿದ ದಾರಿಯಲ್ಲಿ ಕೂತು ಹೋಗುವುದು ವಿಚಿತ್ರವಾಗಿತ್ತು. ಅಮರಚಿಂತ ಬಂದಾಗ ಉಸಿರು ತಾನಾಗಿ ಏರಿತು. ಜೂರಾಲದಲ್ಲಿ ನೀರು ಕಡಿಮೆಯಿತ್ತು, ಬಂಡೆಗಳು ಬೆನ್ನು ತೋರಿಸಿಕೊಂಡು ಮಲಗಿದ್ದವು. ಬಸ್ಸಿನ ಕಂಡಕ್ಟರ್ ಹುಡುಗಿ ಸೇತುವೆಯ ಮೇಲೆಯೇ ಟಿಕೆಟ್ ಕೇಳುತ್ತಿದ್ದಳು. ಯಾರೂ ಹೊರಗೆ ನೋಡುತ್ತಿರಲಿಲ್ಲ. ನಾನು ನೋಡಿದೆ.

ಗದ್ವಾಲದಲ್ಲಿ ಬಸ್ಸು ಬದಲಿಸಿ, ಮಾನೋಪಾಡಿನಿಂದ ಆಟೋದಲ್ಲಿ ಶಾಲೆ ಸೇರಿದಾಗ ಶಿಕ್ಷಕರು ಅಂಗಳದಲ್ಲಿ ಕಬಡ್ಡಿಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯಗಳು ಅಲ್ಲಿ ಕೆಲಸಕ್ಕೆ ಬರಲಿಲ್ಲ. ತಪ್ಪು ನನ್ನದು, ಸೀಟಿ ನಿಮ್ಮದಲ್ಲ ಎಂದಷ್ಟೇ ಹೇಳಿ ನಾಲ್ಕನೆಯ ದರಖಾಸ್ತಿನ ನಕಲನ್ನು ಕೊಟ್ಟೆ. ಅವರು ಎರಡು ಸಲ ಓದಿದರು. ಅವರ ತಾಯಿಯ ತವರು ರಾಯಚೂರು ಕಡೆಯಂತೆ. ತೆಲುಗಿನ ಎಳೆ ಬೆರೆತ ಕನ್ನಡದಲ್ಲಿ ಮಾತಾಡಿದರು.

“ನಾನೂ ಬರೆದು ಕೊಟ್ಟಿದ್ದೆ ಸಾರ್, ನಾ ಊದಿಲ್ಲ ಅಂತ. ಯಾರೂ ಓದಲಿಲ್ಲ. ಶಾಲಿಗೆ ಕಾಗದ ಬಂದ ದಿನ ಹೆಡ್‌ಮಾಸ್ತರ್ರು ಎಲ್ಲರ ಮುಂದ ಓದಿದ್ರು. ಅದನ್ನ ನಾ ಮರಿಯಂಗಿಲ್ಲ.”

ಮರೆಯಬೇಡಿ ಎಂದೆ. ಮರೆಯಿರಿ ಎನ್ನುವ ಯೋಗ್ಯತೆ ಲೋಕದಲ್ಲಿ ಯಾರಿಗಾದರೂ ಇರಬಹುದು, ನನಗಿಲ್ಲ.

ಅವರು ಕಾಗದ ಮಡಿಚಿ ಕಿಸೆಯಲ್ಲಿಟ್ಟುಕೊಂಡರು. “ಇಷ್ಟು ದೂರ ಬಂದ್ರಿ. ಅದನ್ನೂ ಮರಿಯಂಗಿಲ್ಲ” ಎಂದು ಮತ್ತೆ ಗೆರೆ ಎಳೆಯಲು ಬಾಗಿದರು.

ಊರಿಗೆ ಬಂದು ಕಂಡಕ್ಟರಿಗೆ ಎಲ್ಲದರ ವರದಿ ಒಪ್ಪಿಸಿದೆ. ಶಿಕ್ಷಕರ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿಸಿ ಕೇಳಿದರು. ಒಳ್ಳೆಯ ಹುಡುಗ ಎನ್ನಲಿಲ್ಲ, ನನಗೆ ಸಮಾಧಾನವಾಯಿತು ಎನ್ನಲಿಲ್ಲ. ಜೂರಾಲದಲ್ಲಿ ನೀರು ಎಷ್ಟಿತ್ತು ಎಂದು ಕೇಳಿದರು. ತುಂಬಿತ್ತು ಎಂದೆ. ಅಳತೆಯ ವಿಷಯದಲ್ಲಿ ನಾನು ಬೇಕೆಂದೇ ಆಡಿದ ಸುಳ್ಳು ಅದೊಂದೇ.

ಇಪ್ಪತ್ತು ದಿನಗಳ ನಂತರ, ಬೆಳಗಿನ ಮೊದಲ ಬಸ್ಸು ಹೊರಡುವ ಹೊತ್ತಿಗೆ ಅವರು ತೀರಿಕೊಂಡರು. ಲಿಂಗಾಯತ ರೂಢಿಯಂತೆ ಕೂರಿಸಿಯೇ ಮಣ್ಣು ಮಾಡಿದರು. ಕೂತಾಗಲೂ ಎಡಭುಜ ತಗ್ಗಿಯೇ ಇತ್ತು. ಯಾರೋ ಸರಿಪಡಿಸಲು ಹೋದರು, ಬೇಡವೆಂದು ನಾನೇ ತಡೆದೆ. ಕ್ಷಮಿಸಿದ್ದೇನೆ ಎಂದು ಅವರಿಗೆ ಬಾಯಿಬಿಟ್ಟು ಹೇಳಲೇ ಇಲ್ಲ. ಅವರೂ ಕೇಳಲಿಲ್ಲ.

ಮುಂದಿನ ಚಳಿಗಾಲದ ಕೂಟಕ್ಕೆ ಸಮಿತಿಯವರು ಶಿಕ್ಷಕರನ್ನು ಮತ್ತೆ ಕರೆದಿದ್ದರು. ನಾನೂ ಓಡಿದೆ. ಜೊತೆಗಾರನಿಲ್ಲದೆ ಅಷ್ಟು ತಿಂಗಳು ಮಾಡಿದ ತಯಾರಿ ಎಷ್ಟಿತ್ತೋ ಅಷ್ಟೇ ಫಲ ಬಂತು: ಐದನೆಯವನಾದೆ. ಆಚೆಯ ತಿರುವಿನಲ್ಲಿ ಅವರು ನಿಂತಿದ್ದರು. ನಾನು ಓಡಿ ದಾಟುವಾಗ ನಮಸ್ಕಾರವಿರಲಿಲ್ಲ, ನಗುವಿರಲಿಲ್ಲ. ಪಂಚರು ಹಾಗೆಯೇ ಇರಬೇಕು.

ಓಟ ಮುಗಿದ ಮೇಲೆ ಎದೆ ಇಳಿಯಲೆಂದು ಹೊರಗಿನ ಗೆರೆ ಹಿಡಿದು ಒಂದು ಸುತ್ತು ನಿಧಾನವಾಗಿ ನಡೆಯುತ್ತಿದ್ದೆ. ಆಚೆಯ ತಿರುವು ಬಂತು. ಶಿಕ್ಷಕರು ಹಗ್ಗ ಎತ್ತಿ ಈಚೆ ಬಂದು ನನ್ನ ಪಕ್ಕದಲ್ಲಿ ನಡೆಯತೊಡಗಿದರು. ಚಳಿಗಾಲದ ಬಿಸಿಲು ಮೈದಾನದ ಮೇಲೆ ಹಾಲಿನ ಕೆನೆಯಂತೆ ಬಿದ್ದಿತ್ತು; ಇಬ್ಬರ ಹೆಜ್ಜೆಯ ಸದ್ದು ಮಣ್ಣಿನಲ್ಲಿ ಒಂದಾಗುತ್ತಿತ್ತು, ಬಿಡುತ್ತಿತ್ತು, ಮತ್ತೆ ಒಂದಾಗುತ್ತಿತ್ತು. ನನ್ನ ಉಸಿರು ಹಂತ ಹಂತವಾಗಿ ಇಳಿಯಿತು. ತಿರುವು ಮುಗಿದ ಕಡೆ ಅವರು ನಿಂತರು. ಕರ್ತವ್ಯದ ಜಾಗ ಬಿಟ್ಟು ಅದಕ್ಕಿಂತ ಮುಂದೆ ಅವರು ಬರುವಂತಿರಲಿಲ್ಲ. ಅಷ್ಟು ದೂರ ಜೊತೆ ಸಿಕ್ಕದ್ದು ನನ್ನನ್ನು ಮಾನೋಪಾಡಿಗೆ ಹೊರಡಿಸಿದವರಿಂದ ಎಂಬುದು ನನಗೆ ಗೊತ್ತಿತ್ತು. ಉಳಿದ ಅರ್ಧ ಸುತ್ತನ್ನು ನಾನೊಬ್ಬನೇ ನಡೆದು ಮುಗಿಸಿದೆ.